ಸಣ್ಣ ಊರಿನ ಹೈಸ್ಕೂಲ್ ಹುಡುಗ, ಕಾಲೇಜ್ ಬ್ಯಾಸ್ಕೆಟ್‌ಬಾಲ್: ಕೋಚ್‌ಗಳ ಕಣ್ಣಿಗೆ ಬೀಳೋದು ಹೇಗೆ?

ತಿಪಟೂರು_ತೆಂಗು · ಜನವರಿ 6

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಚ್ಚಾಗಿ ವೀಸಾ, ಮನೆ ಸಾಲ, ಒಳ್ಳೇ ಸಾರಿನಪುಡಿ ಎಲ್ಲಿ ಸಿಗುತ್ತೆ ಅನ್ನೋದೇ ಚರ್ಚೆ. ನನ್ನ ಪ್ರಶ್ನೆ ಸ್ವಲ್ಪ ಬೇರೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ದಕ್ಷಿಣ ಇಂಡಿಯಾನಾದ ಒಂದು ಪುಟ್ಟ ಊರಲ್ಲಿ. ಆರು ಸಾವಿರ ಜನ, ಒಂದು ಕಾರ್ಖಾನೆ, ಲೆಕ್ಕವಿಲ್ಲದಷ್ಟು ಚರ್ಚು, ಮತ್ತೆ ಊರಿನ ಅರ್ಧ ಜನ ಕೂರಬಹುದಾದ ಹೈಸ್ಕೂಲ್ ಜಿಮ್. ಶುಕ್ರವಾರ ರಾತ್ರಿ ಪೇಟೆಯಲ್ಲಿ ನರಪಿಳ್ಳೆ ಇರಲ್ಲ, ಎಲ್ಲರೂ ಅಲ್ಲೇ. ನಮ್ಮ ಕಡೆ ತೇರು ಎಳೆಯೋ ದಿನದ ಹಾಗೆ.

ಮಗ ಹತ್ತನೇ ಕ್ಲಾಸು. ಆರಡಿ ಮೂರಿಂಚು. ನಮ್ಮ ಎರಡೂ ಮನೆತನದಲ್ಲಿ ತೋಟದ ತೆಂಗು ಬಿಟ್ಟರೆ ಇಷ್ಟೆತ್ತರ ಬೆಳೆದದ್ದು ಏನೂ ಇಲ್ಲ. ಈ ವರ್ಷ ವಾರ್ಸಿಟಿ ಟೀಮಲ್ಲಿ, ಅಂದರೆ ಶಾಲೆಯ ಮುಖ್ಯ ತಂಡದಲ್ಲಿ, ಮೊದಲ ಐವರಲ್ಲಿ ಆಡ್ತಿದ್ದಾನೆ, ಮ್ಯಾಚಿಗೆ 16-17 ಪಾಯಿಂಟ್ ಹಾಕ್ತಾನೆ. ಹೋದ ವಾರ ಕೋಚ್ ನನ್ನನ್ನ ಪಕ್ಕಕ್ಕೆ ಕರೆದು "ನಿಮ್ಮ ಹುಡುಗ ಕಾಲೇಜಲ್ಲಿ ಆಡಬಹುದು" ಅಂದರು. ಯಾವ ಕಾಲೇಜು ಅಂದರೆ "ನೋಡೋಣ" ಅಂದರು. ಅವತ್ತಿಂದ ಮನೇಲಿ ನೆಮ್ಮದಿ ಇಲ್ಲ. ಮಗ ಇಂಡಿಯಾನಾ ಯೂನಿವರ್ಸಿಟಿ ಜೆರ್ಸಿ ತಂದಾಗಿದೆ. ಹೆಂಡತಿ ಎಸ್‌ಎಟಿ (ಕಾಲೇಜ್ ಪ್ರವೇಶ ಪರೀಕ್ಷೆ) ಪುಸ್ತಕ ತಂದಾಗಿದೆ.

ಇದರ ಮಧ್ಯೆ ಯಾವುದೋ ಕಂಪನಿಯವರು ಫೋನ್ ಮಾಡಿ, 2,800 ಡಾಲರ್ ಕೊಟ್ಟರೆ ನೂರಾರು ಕಾಲೇಜುಗಳಿಗೆ ಹುಡುಗನ ಪ್ರೊಫೈಲ್ ಕಳಿಸ್ತೀವಿ ಅಂತಿದ್ದಾರೆ. ಕಾರ್ಖಾನೆಯಲ್ಲಿ ಒಬ್ಬರು ಇಂಡಿಯಾನಾಪೊಲಿಸ್‌ನ ಎಎಯು ತಂಡಕ್ಕೆ (ಶಾಲೆ ಹೊರಗಿನ ಕ್ಲಬ್ ತಂಡ) ಸೇರಿಸಿ ಅಂತಾರೆ. ವಾರಕ್ಕೆ ಮೂರು ದಿನ, ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಇಷ್ಟೆಲ್ಲ ಮಾಡದಿದ್ದರೆ ನಮ್ಮಂಥ ಊರಿಗೆ ಯಾವ ಕೋಚ್ ತಾನೇ ಬರ್ತಾರೆ? ಗೊತ್ತಿರೋರು ದಯವಿಟ್ಟು ಹೇಳಿ.

ಧಾರವಾಡ_ಪೇಢಾ · ಜನವರಿ 6

2,800 ಡಾಲರ್ ಕೊಡಬ್ಯಾಡ್ರಿ. ಉಳದದ್ದು ಆಮ್ಯಾಲೆ ಮಾತಾಡೂಣು.

ಹಳೇ_ಗಿರಾಕಿ · ಜನವರಿ 7

"ಯಾವ ಕೋಚ್ ತಾನೇ ಬರ್ತಾರೆ" ಅಂದಿರಲ್ಲ, ನೀವಿರೋ ರಾಜ್ಯದಲ್ಲೇ ಕೂತು ಆ ಮಾತು ಹೇಳಬಾರದು ಸ್ವಾಮಿ.

ನಾನು 1978ರಲ್ಲಿ ಎಂ.ಎಸ್. ಮಾಡೋಕೆ ಟೆರಾ ಹೋಟ್‌ಗೆ, ಇಂಡಿಯಾನಾ ಸ್ಟೇಟ್‌ಗೆ ಬಂದವನು. ಬಂದ ವರ್ಷವೇ, ಆಮೇಲೆ ದೇಶಕ್ಕೇ ಹೆಸರಾದ ಆಟಗಾರ ಲ್ಯಾರಿ ಬರ್ಡ್‌ನ ಅಲ್ಲಿನ ಕೊನೆಯ ಸೀಸನ್. ನನಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಮೈಸೂರಲ್ಲಿ ಕಾಲೇಜ್ ಅಂಗಳದ ಮಣ್ಣಿನ ಕೋರ್ಟಲ್ಲಿ ನೋಡಿದ್ದಷ್ಟೇ. ರೂಮಿನಲ್ಲಿದ್ದ ಹುಡುಗ ಹಲ್‌ಮನ್ ಸೆಂಟರ್‌ಗೆ ಎಳೆದುಕೊಂಡು ಹೋದ. ಹತ್ತು ಸಾವಿರ ಜನದ ಕೂಗಿಗೆ ಕಿವಿ ಎರಡು ದಿನ ಗುಂಯ್ ಅಂತಿತ್ತು.

ಬರ್ಡ್ ಊರು ಫ್ರೆಂಚ್ ಲಿಕ್, ಬಹುಶಃ ನಿಮ್ಮಿಂದ ಬಹಳ ದೂರ ಇರಲಾರದು. ಎರಡು ಸಾವಿರ ಜನ. ಸ್ಪ್ರಿಂಗ್ಸ್ ವ್ಯಾಲಿ ಹೈಸ್ಕೂಲ್. ಅಂಥ ಊರಿನ ಹುಡುಗನನ್ನ ಇಂಡಿಯಾನಾ ಯೂನಿವರ್ಸಿಟಿ ಕೋಚ್ ಬಾಬ್ ನೈಟ್ ಅಂಥ ಬಾಬ್ ನೈಟ್ ಆರಿಸಿಕೊಂಡರು, 1974ರಲ್ಲಿ ಸ್ಕಾಲರ್‌ಶಿಪ್ ಕೊಟ್ಟು ಬ್ಲೂಮಿಂಗ್‌ಟನ್‌ಗೆ ಕರೆದರು. ಹುಡುಗ ಅಲ್ಲಿ ಇದ್ದದ್ದು 24 ದಿನ! ಟೀಮಿನ ಪ್ರಾಕ್ಟೀಸ್ ಶುರುವಾಗೋಕೆ ಮುಂಚೆಯೇ ಊರಿಗೆ ವಾಪಸ್. ಮೂವತ್ತು ಸಾವಿರ ವಿದ್ಯಾರ್ಥಿಗಳ ಕ್ಯಾಂಪಸ್ಸು, ಜೇಬಲ್ಲಿ ಕಾಸಿಲ್ಲ, ಮಾತಾಡಿಸೋರಿಲ್ಲ. ಊರಲ್ಲಿ ಪುರಸಭೆ ಕೆಲಸಕ್ಕೆ ಸೇರಿಕೊಂಡ, ಕಸದ ಲಾರಿ ಮೇಲೆ ಓಡಾಡಿದ. ಅಲ್ಲಿಂದ ಅವನ ಮನಸ್ಸು ಒಲಿಸಿ ನಮ್ಮ ಕಾಲೇಜಿಗೆ ತಂದದ್ದು ಬಿಲ್ ಹಾಜಸ್ ಅನ್ನೋ ಸಹಾಯಕ ಕೋಚ್. ಆಮೇಲಿನದು ಎಲ್ಲರಿಗೂ ಗೊತ್ತು: 1979ರಲ್ಲಿ ಸತತ 33 ಮ್ಯಾಚ್ ಗೆದ್ದು ಫೈನಲ್‌ಗೆ ಹೋದೆವು, ಸಾಲ್ಟ್ ಲೇಕ್ ಸಿಟಿಯಲ್ಲಿ ಮ್ಯಾಜಿಕ್ ಜಾನ್ಸನ್ ಕೈಲಿ 75-64ಕ್ಕೆ ಸೋತೆವು. "ಹೋದೆವು, ಸೋತೆವು" ಅಂತ ಬರೀತಿದ್ದೀನಿ ನೋಡಿ, ನಾನೇನೋ ಆಡಿದ ಹಾಗೆ.

ಇಂಡಿಯಾನಾದಲ್ಲಿ ಊರು ಸಣ್ಣದಾದ ಮಾತ್ರಕ್ಕೆ ಯಾರ ಕಣ್ಣಿಗೂ ಬೀಳಲ್ಲ ಅಂತಿಲ್ಲ. 1954ರಲ್ಲಿ ಬರೀ 161 ಮಕ್ಕಳಿದ್ದ ಮೈಲನ್ ಹೈಸ್ಕೂಲ್, ಮನ್ಸಿ ಸೆಂಟ್ರಲ್ ಅನ್ನೋ ದೈತ್ಯನನ್ನ 32-30ಕ್ಕೆ ಸೋಲಿಸಿ ರಾಜ್ಯ ಚಾಂಪಿಯನ್ ಆಯ್ತು. ಹೆಲ್ಟನ್‌ವಿಲ್ ಅನ್ನೋ ಹಳ್ಳಿಯ ಡೇಮನ್ ಬೈಲಿಯನ್ನ ಎಂಟನೇ ಕ್ಲಾಸಲ್ಲಿದ್ದಾಗಲೇ ನೋಡೋಕೆ ಬಾಬ್ ನೈಟ್ ಹೋಗಿದ್ದರು. ಅದೇ ಬೈಲಿ 1990ರ ಹೈಸ್ಕೂಲ್ ಫೈನಲ್ ಆಡಿದಾಗ ಇಂಡಿಯಾನಾಪೊಲಿಸ್‌ನ ಡೋಮ್‌ನಲ್ಲಿ 41,046 ಜನ. ಹೈಸ್ಕೂಲ್ ಮ್ಯಾಚಿಗೆ! ಆಟ ಇದ್ದರೆ ಜನ ಹುಡುಕಿಕೊಂಡು ಬರ್ತಾರೆ. ನೀವು ಅವನು ಓದೋ ಹಾಗೆ ನೋಡ್ಕೊಳ್ಳಿ.

ಅಂಕಪಟ್ಟಿ · ಜನವರಿ 7

ಹಳೇ ಗಿರಾಕಿ ಸರ್ ಬರಹ ಓದೋಕೆ ಖುಷಿ, ಆದರೆ ಅದನ್ನ ನಂಬಿಕೊಂಡು ಕೂತರೆ ಈ ತಂದೆ ಮಗನಿಗೆ ಮೋಸ ಆಗುತ್ತೆ. ಅದು ಬೇರೆ ಯುಗ.

ನನ್ನ ಪರಿಚಯ: ಇಲಿನಾಯ್‌ನ ಒಂದು ಸಣ್ಣ ಹೈಸ್ಕೂಲಲ್ಲಿ ಒಂಬತ್ತು ವರ್ಷದಿಂದ ಸ್ಕೋರ್ ಪುಸ್ತಕ ಬರೀತೀನಿ, ಮ್ಯಾಚ್ ವಿಡಿಯೊ ಕತ್ತರಿಸಿ ಕೋಚ್‌ಗೆ ಕೊಡ್ತೀನಿ. ಸಂಬಳ ಇಲ್ಲ, ಪಾಪ್‌ಕಾರ್ನ್ ಫ್ರೀ. ಕಾಲೇಜ್ ಕೋಚ್‌ಗಳಿಗೆ ಕ್ಲಿಪ್ ಕಳಿಸೋದು ನಮ್ಮಲ್ಲಿ ನಾನೇ.

ಬರ್ಡ್ ಕಾಲದಲ್ಲಿ ಕೋಚ್ ಕಾರು ಹತ್ತಿ ಚಳಿಯಲ್ಲಿ ಊರೂರು ತಿರುಗಿ ಜಿಮ್‌ನಲ್ಲಿ ಕೂರುತ್ತಿದ್ದ. ಆಮೇಲೆ ಬೇಸಿಗೆ ಟೂರ್ನಮೆಂಟುಗಳು ಬಂದವು. ನೈಕಿಯ ಇವೈಬಿಎಲ್, ಅಡಿಡಾಸ್‌ನದೊಂದು, ಅಂಡರ್ ಆರ್ಮರ್‌ನದೊಂದು. ಜುಲೈನಲ್ಲಿ ಒಂದೇ ಕಟ್ಟಡದಲ್ಲಿ ಇಪ್ಪತ್ತು ಕೋರ್ಟು, ನೂರಾರು ತಂಡ. ಕೋಚ್ ಒಂದೇ ಕುರ್ಚಿಯಲ್ಲಿ ಕೂತು ದಿನಕ್ಕೆ ಹತ್ತು ಮ್ಯಾಚ್ ನೋಡ್ತಾನೆ. ನಿಮ್ಮೂರಿಗೆ ಬಂದು ಒಬ್ಬ ಹುಡುಗನನ್ನ ನೋಡೋ ಅಷ್ಟರಲ್ಲಿ ಅಲ್ಲಿ ಇನ್ನೂರು ಜನರನ್ನ ನೋಡಿರ್ತಾನೆ. 2017ರಲ್ಲಿ ಶೂ ಕಂಪನಿ ದುಡ್ಡಿನ ಲಂಚದ ವಿಚಾರಕ್ಕೆ ಎಫ್‌ಬಿಐ ಕೈ ಹಾಕಿದ ಮೇಲೆ, ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ಸಮಿತಿ ಕೂತು, 2019ರಿಂದ ಜೂನ್‌ನಲ್ಲಿ ಹೈಸ್ಕೂಲ್ ತಂಡಗಳೇ ಆಡೋ ವಾರಾಂತ್ಯಗಳಿಗೂ ಕಾಲೇಜ್ ಕೋಚ್‌ಗಳು ಬರೋ ವ್ಯವಸ್ಥೆ ಆಯ್ತು. ಸಣ್ಣ ಊರಿನವರಿಗೆ ಅದು ನಿಜವಾಗಿ ಒಳ್ಳೇದು. ನಿಮ್ಮ ಕೋಚ್‌ಗೆ ಮೊದಲು ಕೇಳಿ: ಜೂನ್‌ನಲ್ಲಿ ನಮ್ಮ ಶಾಲೆ ಹೋಗುತ್ತಾ ಅಂತ.

ಈಗಿನ ಸಮಸ್ಯೆ ಬೇಸಿಗೆಯದ್ದೂ ಅಲ್ಲ. ಟ್ರಾನ್ಸ್‌ಫರ್ ಪೋರ್ಟಲ್‌ದು, ಅಂದರೆ ಕಾಲೇಜು ಬದಲಿಸೋ ಆಟಗಾರರು ಹೆಸರು ಹಾಕೋ ಪಟ್ಟಿಯದು. ಮುಂಚೆ ಕಾಲೇಜು ಬದಲಿಸಿದ ಹುಡುಗ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಕಟ್ಟು ಬಿಚ್ಚಿದರು, 2024ರಲ್ಲಿ ಎಷ್ಟು ಸಲ ಬೇಕಾದರೂ ಅಂತ ಮಾಡಿದರು, ಪಾಠದಲ್ಲಿ ಪಾಸಾಗಿದ್ದರೆ ಸಾಕು. 2021ರ ಜುಲೈಯಿಂದ ಆಟಗಾರ ತನ್ನ ಹೆಸರು, ಮುಖ ಬಳಸಿ ಜಾಹೀರಾತಲ್ಲಿ ದುಡ್ಡು ಮಾಡಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಮೇಲೆ ಕಾಲೇಜೇ ನೇರವಾಗಿ ಆಟಗಾರರಿಗೆ ಕೊಡಬಹುದು, ಎಲ್ಲಾ ಆಟಗಳಿಗೆ ಸೇರಿ 2025-26ರಲ್ಲಿ 2.05 ಕೋಟಿ ಡಾಲರ್ ತನಕ. ಹಾಗೆ ಕೊಡೋ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 15 ಜನ ಮಾತ್ರ.

ಈಗ ಕೋಚ್ ಕುರ್ಚಿಯಲ್ಲಿ ನೀವು ಕೂತ್ಕೊಳ್ಳಿ. ಈ ವರ್ಷ ಗೆಲ್ಲದಿದ್ದರೆ ಕೆಲಸ ಹೋಗುತ್ತೆ. ಎಡಗಡೆ 17 ವರ್ಷದ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಎರಡು ವರ್ಷ ಪಳಗಿಸಬೇಕು, ಪಳಗಿದ ಮೇಲೆ ಇನ್ನೊಬ್ಬರು ಎತ್ತಿಕೊಂಡು ಹೋಗ್ತಾರೆ. ಬಲಗಡೆ 22 ವರ್ಷದ ಗಂಡಸು, ಬೇರೆ ಕಾಲೇಜಲ್ಲಿ ಮೂರು ವರ್ಷ ಆಡಿ ತೋರಿಸಿದಾನೆ. ಯಾರನ್ನ ತಗೋತೀರಿ?

ಕಾಲೇಜ್ ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ 360ಕ್ಕೂ ಮೇಲೆ ಕಾಲೇಜುಗಳಿವೆ ಅನ್ನೋದು ಕೇಳೋಕೆ ಚೆಂದ. ಹೈಸ್ಕೂಲಿಂದ ನೇರವಾಗಿ ಬರೋ ಹುಡುಗನಿಗೆ ಅಲ್ಲಿ ಉಳಿದಿರೋ ಜಾಗ ವರ್ಷ ವರ್ಷ ಕಮ್ಮಿ ಆಗ್ತಿದೆ.

ಹಳೇ_ಗಿರಾಕಿ · ಜನವರಿ 7

ಇದಕ್ಕೆ ಎದುರು ಮಾತಿಲ್ಲ. 2024ರಲ್ಲಿ ಕಣ್ಣಾರೆ ಕಂಡೆ. ಬರ್ಡ್ ಆದ ಮೇಲೆ ನಮ್ಮ ಇಂಡಿಯಾನಾ ಸ್ಟೇಟ್‌ಗೆ ಅಂಥ ವರ್ಷ ಬಂದಿರಲಿಲ್ಲ. ಕನ್ನಡಕ ಹಾಕ್ಕೊಂಡು ಆಡೋ ರಾಬಿ ಅವಿಲಾ ಅನ್ನೋ ದಪ್ಪ ಹುಡುಗ, ಇಡೀ ದೇಶ ಅವನ ಹಿಂದೆ. ಎನ್‌ಐಟಿ ಅನ್ನೋ ಕಾಲೇಜ್ ಟೂರ್ನಮೆಂಟಿನ ಫೈನಲ್‌ನಲ್ಲಿ ಸೀಟನ್ ಹಾಲ್ ಕೈಲಿ 79-77ಕ್ಕೆ ಸೋತೆವು. (ಮತ್ತೆ "ಸೋತೆವು".) ಅದಾದ ಕೆಲವೇ ದಿನಕ್ಕೆ ಕೋಚ್ ಸೇಂಟ್ ಲೂಯಿಸ್‌ಗೆ ಹೋದರು. ಮೊದಲ ಐವರಲ್ಲಿ ಇಬ್ಬರು ಅವರ ಹಿಂದೆ, ಇಬ್ಬರು ಟೆಕ್ಸಸ್‌ಗೆ, ಒಬ್ಬ ಝೇವಿಯರ್‌ಗೆ. ಐದಕ್ಕೆ ಐದೂ ಖಾಲಿ. ಹುಡುಗರನ್ನ ಬೈಯೋಕೆ ಮನಸ್ಸಾಗಲ್ಲ, ದುಡ್ಡು ಕೊಡೋ ಕಡೆ ಹೋದರು, ನಾನೂ ಕಂಪನಿ ಬದಲಿಸಿದವನೇ. ಆದರೆ ಆ ಏಪ್ರಿಲಲ್ಲಿ ಹಲ್‌ಮನ್ ಸೆಂಟರ್ ಮುಂದೆ ಹಾದು ಹೋಗುವಾಗ, ಮದುವೆ ಮುಗಿದ ಮನೆ ಚಪ್ಪರ ಬಿಚ್ಚಿದ ಹಾಗಿತ್ತು.

ಧಾರವಾಡ_ಪೇಢಾ · ಜನವರಿ 8

ನಾ ಪಶ್ಚಿಮ ಕೆಂಟಕಿ ಪಡೂಕಾದಾಗ ಇರ್ತೀನಿ. ನಮ್ಮ ಕಡೆದು ಎರಡು ಕಥಿ ಹೇಳ್ತೀನಿ, ಎರಡೂ ಖರೇ.

ಮೊದಲನೇದ್ದು. ಇಲ್ಲೇ ಹತ್ರ ಮರಿ ಅಂತ ಊರೈತಿ, ಮರಿ ಸ್ಟೇಟ್ ಕಾಲೇಜಿನ ಊರು. ಅಲ್ಲಿ ಸಹಾಯಕ ಕೋಚ್ ಜೇಮ್ಸ್ ಕೇನ್ ಅಂತ ಇದ್ದ. 2016ರಾಗ ಸೌತ್ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ಗೆ ಒಂದು ಕ್ಯಾಂಪಿಗೆ ಬ್ಯಾರೆ ಒಬ್ಬ ಹುಡುಗನ್ನ ನೋಡಾಕ ಹೋಗಿದ್ದ. ನಡುವ ಹಸಿವಿ ಆತು. ತಿನ್ನಾಕ ಏನರ ಸಿಗತೈತೇನು ಅಂತ ಎದ್ದು ಹೋದ. ಬಾಜೂದ ಸಣ್ಣ ಜಿಮ್ಮಿನಿಂದ ಚೆಂಡಿನ ಸಪ್ಪಳ ಕೇಳಿ ಹಣಿಕಿ ನೋಡಿದ. ಮೂರು ಮಂದಿ ಒಂದು ಕಡೆ, ಮೂರು ಮಂದಿ ಒಂದು ಕಡೆ ಆಡಾಕತ್ತಿದ್ರು. ಅದರಾಗಿನ ಒಂದು ಬಡಕಲು ಹುಡುಗ ಜಾ ಮೊರಾಂಟ್. ಡಾಲ್‌ಜೆಲ್ ಅನ್ನೂ ಸಣ್ಣ ಊರಿನಾಂವ. ಝಯಾನ್ ವಿಲಿಯಮ್ಸನ್ ಜೋಡಿ ಒಂದ ಎಎಯು ತಂಡದಾಗ ಆಡಿದ್ರೂ ದೊಡ್ಡ ಕಾಲೇಜಿನಾವ್ರು ಯಾರೂ ಇಂವನ್ನ ಕಣ್ಣೆತ್ತಿ ನೋಡಿರಲಿಲ್ಲ. ಕೇನ್ ಅಲ್ಲಿಂದನ ಮುಖ್ಯ ಕೋಚ್‌ಗೆ ಫೋನ್ ಹಚ್ಚಿದ. 2019ರಾಗ ಆ ಹುಡುಗ ಎನ್‌ಬಿಎ ಡ್ರಾಫ್ಟ್‌ನ್ಯಾಗ (ವೃತ್ತಿಪರ ತಂಡದಾವ್ರು ಹೊಸ ಆಟಗಾರರನ್ನ ಆರಿಸೂದು) ಎರಡನೇ ನಂಬರ್.

ಈಗ ನೀವ ಹೇಳ್ರಿ, ಎಎಯು ತಂಡದಾಗ ಇದ್ದದ್ದು ಅವಂಗ ಉಪಯೋಗ ಆತೋ, ಕೇನ್‌ನ ಹೊಟ್ಟಿ ಹಸಿವಿ ಉಪಯೋಗ ಆತೋ?

ಎರಡನೇದ್ದು. ಲಯನ್ ಕೌಂಟಿ ನಮ್ಮಿಂದ ಮುಕ್ಕಾಲು ತಾಸಿನ ದಾರಿ. ಅಲ್ಲಿಯ ಟ್ರಾವಿಸ್ ಪೆರಿ ಅನ್ನೂ ಹುಡುಗ ಕೆಂಟಕಿ ಹೈಸ್ಕೂಲ್ ಇತಿಹಾಸದಾಗ ಎಲ್ಲಾರಕಿಂತ ಹೆಚ್ಚು, ಐದು ಸಾವಿರದ ಮ್ಯಾಲೆ ಪಾಯಿಂಟ್ ಹಾಕಿದ. 2024ರಾಗ ಅಂಥ ಪುಟ್ಟ ಶಾಲಿನ ರಾಜ್ಯ ಚಾಂಪಿಯನ್ ಮಾಡಿದ. ಕೆಂಟಕಿ ಯೂನಿವರ್ಸಿಟಿಗೆ ಹೋದ. ಇಲ್ಲಿ ಅದು ಅಂದ್ರ ದೇವರ ಗುಡಿ ಇದ್ದಂಗ. ನಮ್ಮ ಕಡೆ ಮಂದಿ ಅತ್ತಬಿಟ್ರು ಖುಷಿಲಿಂದ. ಒಂದ ವರ್ಷ. ಆಮ್ಯಾಲೆ ಓಲ್ ಮಿಸ್‌ಗೆ (ಮಿಸಿಸಿಪ್ಪಿ ಯೂನಿವರ್ಸಿಟಿ) ಹೋದ. ಊರ ಹುಡುಗ ನಾಕ ವರ್ಷ ಒಂದ ಅಂಗಿ ಹಾಕ್ಕೊಂಡು ಆಡತಾನ ಅನ್ನೂ ಕಾಲ ಮುಗೀತ್ರಿ.

ಕಡಲತಡಿ · ಜನವರಿ 8

ಎಲ್ಲರೂ ಗಂಡುಮಕ್ಕಳದ್ದೇ ಹೇಳ್ತೀರಲ್ಲ ಮಾರಾಯ್ರೆ. ಇಂಡಿಯಾನಾ ಹೈಸ್ಕೂಲ್ ಇತಿಹಾಸದಲ್ಲಿ ಡೇಮನ್ ಬೈಲಿಯ 3,134 ಪಾಯಿಂಟಿನ ದಾಖಲೆ ಮುರಿದದ್ದು ಒಬ್ಬಳು ಹುಡುಗಿ, ಜಾಕಿ ಯಂಗ್. 3,268. ಪ್ರಿನ್ಸ್‌ಟನ್ ಅಂತ ಎಂಟು ಸಾವಿರ ಜನದ ಊರು, ತಿಪಟೂರಿನವರೇ ನಿಮ್ಮ ದಿಕ್ಕಿನಲ್ಲೇ ಉಂಟು ಅದು. ನೋಟರ್ ಡೇಮ್‌ಗೆ ಹೋಗಿ 2018ರಲ್ಲಿ ಚಾಂಪಿಯನ್, 2019ರಲ್ಲಿ ಡಬ್ಲ್ಯೂಎನ್‌ಬಿಎಗೆ ಮೊದಲನೇ ಆಯ್ಕೆ.

ಇನ್ನು ನಮ್ಮ ಮನೆ ಕಥೆ. ನಾವು ಒಹಾಯೊದಲ್ಲಿ, ನಿಮ್ಮ ಹಾಗೆಯೇ ಸಣ್ಣ ಊರು. ಮಗಳು ಈಗ ಡಿವಿಷನ್ ಮೂರರ ಕಾಲೇಜಿನಲ್ಲಿ ಎರಡನೇ ವರ್ಷ ಆಡ್ತಾಳೆ. ಅಲ್ಲಿಗೆ ಮುಟ್ಟುವ ಮೊದಲು ನಾವು ಮಾಡಿದ ಮೂರ್ಖತನ ಬರೆದರೆ ನಾಲ್ಕು ಜನಕ್ಕೆ ಉಪಕಾರ ಆದೀತು.

ಒಂದು ಕ್ಲಬ್ಬಿನವರು ಬಂದು ಇವಳಿಗೆ ಡಿವಿಷನ್ ಒಂದು ಗ್ಯಾರಂಟಿ ಅಂತ ಹೇಳಿದರು. ಎರಡು ಬೇಸಿಗೆ ಹೋದೆವು. ಕ್ಲಬ್ ಫೀಸು, ಹೋಟೆಲು, ಪೆಟ್ರೋಲು, ಜಿಮ್ಮಿನ ಬಾಗಿಲಲ್ಲಿ ಅಪ್ಪ ಅಮ್ಮನಿಗೂ ಟಿಕೆಟು. ಎರಡು ಬೇಸಿಗೆಗೆ ಹನ್ನೊಂದು ಸಾವಿರ ಡಾಲರ್ ಹೋಯಿತು. ಮೊದಲ ತಂಡದಲ್ಲಿ ಆಡಿಸ್ತೇವೆ ಅಂದವರು ಮೂರನೇ ತಂಡಕ್ಕೆ ಹಾಕಿದರು. ಆ ಮ್ಯಾಚುಗಳು ಬೆಳಿಗ್ಗೆ ಎಂಟು ಗಂಟೆಗೆ, ಕಟ್ಟಡದ ಕಟ್ಟಕಡೆಯ ಕೋರ್ಟಿನಲ್ಲಿ. ಕೋಚುಗಳ ಕುರ್ಚಿ ಸಾಲಿನಲ್ಲಿ ಒಂದು ಜನ ಇಲ್ಲ. ನಾನು ಫ್ಲಾಸ್ಕಿನ ಕಾಫಿ ಕುಡೀತಾ ಖಾಲಿ ಕುರ್ಚಿ ಲೆಕ್ಕ ಮಾಡ್ತಿದ್ದೆ. ನಲವತ್ತು. ಎರಡನೇ ತಂಡ, ಮೂರನೇ ತಂಡದವರ ಫೀಸಿನಲ್ಲಿ ಮೊದಲ ತಂಡದ ವಿಮಾನದ ಟಿಕೆಟ್ ಆಗ್ತದೆ ಅಂತ ಆಮೇಲೆ ಅರ್ಥ ಆಯಿತು.

ಅವಳಿಗೆ ಈಗಿನ ಕಾಲೇಜು ಸಿಕ್ಕಿದ್ದು ಹೇಗೆ ಗೊತ್ತುಂಟಾ? ಅವಳೇ ಇಮೇಲ್ ಬರೆದಳು. ನಾವಲ್ಲ, ಅವಳು. ಹತ್ತೊಂಬತ್ತು ಕಾಲೇಜುಗಳಿಗೆ, ಪ್ರತಿಯೊಂದಕ್ಕೂ ಬೇರೆ ಬೇರೆ ಕಾಗದ. ಮೂರು ನಿಮಿಷದ ವಿಡಿಯೊ, ಮಾರ್ಕ್ಸ್, ಮುಂದಿನ ಮ್ಯಾಚುಗಳ ತಾರೀಕು, ಅವಳ ಶಾಲೆ ಕೋಚ್‌ನ ಫೋನ್ ನಂಬರ್. ಏಳು ಜನ ಉತ್ತರ ಕೊಟ್ಟರು. ಡಿವಿಷನ್ ಮೂರರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ, ನೆನಪಿಡಿ. ಆದರೆ ಮಾರ್ಕ್ಸಿಗೆ ಮತ್ತು ಮನೆ ಆದಾಯ ನೋಡಿ ಕೊಡುವ ಸಹಾಯ ಉಂಟು. ನಮಗೆ ಕಡೆಗೆ ಸರ್ಕಾರಿ ಯೂನಿವರ್ಸಿಟಿಗಿಂತ ಸ್ವಲ್ಪ ಕಡಿಮೆಯೇ ಬಿತ್ತು.

ತಿಪಟೂರು_ತೆಂಗು · ಜನವರಿ 8

ಅಕ್ಕಾ, ನೀವು ಖಾಲಿ ಕುರ್ಚಿ ಎಣಿಸಿದ್ದು ಓದಿ ಹೊಟ್ಟೆ ಹಿಂಡಿದ ಹಾಗಾಯ್ತು. ಹೆಂಡತಿಗೆ ಓದಿ ಹೇಳಿದೆ. "ನೋಡಿದ್ರಾ" ಅಂದಳು. ಏನನ್ನ ನೋಡಬೇಕು ಅಂತ ಕೇಳೋ ಧೈರ್ಯ ಮಾಡಲಿಲ್ಲ.

ಅಂಕಪಟ್ಟಿಯವರೇ, ನೀವು ಹೇಳಿದ ಪ್ರಕಾರ ಡಿವಿಷನ್ ಒಂದು ಅನ್ನೋದನ್ನ ಮರೆತುಬಿಡೋದಾ? ಮಗನಿಗೆ ಹೇಗೆ ಹೇಳೋದು?

ಅಂಕಪಟ್ಟಿ · ಜನವರಿ 9

ಮರೀಬೇಡಿ, ನೇರ ದಾರಿ ಒಂದನ್ನೇ ನಂಬಬೇಡಿ. ಪೋರ್ಟಲ್ಲಿಗೆ ಎರಡು ಮುಖ. ಮೇಲಿನವರು ಹೈಸ್ಕೂಲ್ ಹುಡುಗರನ್ನ ಬಿಟ್ಟು ಕೆಳಗಿನ ಕಾಲೇಜುಗಳಿಂದ ಎತ್ತಿಕೊಳ್ತಿದ್ದಾರೆ ಅಂದರೆ, ಕೆಳಗಿನ ಕಾಲೇಜಿಗೆ ಹೋದವನಿಗೆ ಮೇಲಿನ ಬಾಗಿಲು ಹಿಂದೆಂದಿಗಿಂತ ದೊಡ್ಡದಾಗಿ ತೆರೆದಿದೆ ಅಂತಲೂ ಆಯ್ತು. ಡಾಲ್ಟನ್ ಕನೆಕ್ಟ್ ಕೊಲರಾಡೊದಲ್ಲಿ ಎರಡು ವರ್ಷದ ಜೂನಿಯರ್ ಕಾಲೇಜಲ್ಲಿ ಶುರು ಮಾಡಿದವನು. ಅಲ್ಲಿಂದ ನಾರ್ದರ್ನ್ ಕೊಲರಾಡೊ, ಅಲ್ಲಿಂದ ಟೆನಿಸಿ, 2024ರಲ್ಲಿ ಎನ್‌ಬಿಎಯ ಲೇಕರ್ಸ್ ಡ್ರಾಫ್ಟಿನ ಮೊದಲ ಸುತ್ತಲ್ಲೇ ತಗೊಂಡರು. ಅದೇ ಲೇಕರ್ಸ್‌ನ ಆಸ್ಟಿನ್ ರೀವ್ಸ್ ಆರ್ಕನ್ಸಾದ ನ್ಯೂವಾರ್ಕ್ ಅನ್ನೋ ಸಾವಿರ ಚಿಲ್ಲರೆ ಜನದ ಊರವನು. ವಿಚಿಟಾ ಸ್ಟೇಟ್, ಆಮೇಲೆ ಒಕ್ಲಹೋಮಾ. ಡ್ರಾಫ್ಟಲ್ಲಿ ಯಾರೂ ಕರೀಲೇ ಇಲ್ಲ, ಆದರೂ ಆಡ್ತಿದ್ದಾನೆ.

ನಿಮ್ಮ ಪಕ್ಕದಲ್ಲೇ ವಿನ್ಸೆನ್ಸ್ ಇದೆ. ಜೂನಿಯರ್ ಕಾಲೇಜ್ ಆಟದಲ್ಲಿ ದೊಡ್ಡ ಹೆಸರು, 2019ರಲ್ಲಿ ರಾಷ್ಟ್ರೀಯ ಚಾಂಪಿಯನ್. ಬಾಬ್ ಮ್ಯಾಕಡೂ, ಶಾನ್ ಮೇರಿಯನ್, ಕಾರ್ಲ್ ಲ್ಯಾಂಡ್ರಿ ಎಲ್ಲ ಅಲ್ಲಿಂದ ಹೋದವರು. ನಮ್ಮವರಿಗೆ "ಜೂನಿಯರ್ ಕಾಲೇಜು" ಅಂದರೆ ಪಿಯುಸಿ ಫೇಲಾದವರು ಸೇರೋ ಜಾಗ ಅನ್ನೋ ಭಾವನೆ. ಹೋಗಿ ಒಂದು ಮ್ಯಾಚ್ ನೋಡಿ ಬನ್ನಿ, ಟಿಕೆಟ್ಟಿಗೆ ಒಂದು ಪಿಜ್ಜಾದಷ್ಟೂ ಖರ್ಚಾಗಲ್ಲ.

ಡಿವಿಷನ್ ಎರಡರಲ್ಲಿ ತಂಡಕ್ಕೆ 10 ಸ್ಕಾಲರ್‌ಶಿಪ್, ಅದನ್ನ ಹೋಳು ಮಾಡಿ ಹೆಚ್ಚು ಜನಕ್ಕೆ ಹಂಚ್ತಾರೆ. "ಆಫರ್ ಬಂತು" ಅಂತ ಕುಣಿಯೋಕೆ ಮುಂಚೆ ಅರ್ಧವೋ ಕಾಲೋ ಕೇಳಿ. ಎನ್‌ಎಐಎ ಅಂತ ಬೇರೆ ಸಂಸ್ಥೆ ಇದೆ, ಇಂಡಿಯಾನಾದಲ್ಲಿ ಅದರ ಕಾಲೇಜುಗಳು ಬಹಳ ಬಲವಾದವು. ಡಿವಿಷನ್ ಮೂರರಲ್ಲಿ ರೋಸ್-ಹಲ್‌ಮನ್ ಇದೆ, ಅದು ಎಂಥ ಎಂಜಿನಿಯರಿಂಗ್ ಕಾಲೇಜು ಅಂತ ನಿಮ್ಮ ಮನೆಯವರಿಗೆ ಹೇಳಿ, ಎಸ್‌ಎಟಿ ಪುಸ್ತಕ ವ್ಯರ್ಥ ಆಗಲ್ಲ. 2024ರ ಡಿವಿಷನ್ ಮೂರರ ಚಾಂಪಿಯನ್ ಟ್ರೈನ್ ಕೂಡ ನಿಮ್ಮ ರಾಜ್ಯದ್ದೇ.

ಈಗ ಮಾಡಬೇಕಾದ್ದು. ಈ ಡಿವಿಷನ್‌ಗಳನ್ನ ನಡೆಸೋ ಎನ್‌ಸಿಎಎ ಸಂಸ್ಥೆ 16 ಕೋರ್ ವಿಷಯ ಕೇಳುತ್ತೆ, ಡಿವಿಷನ್ ಒಂದಕ್ಕೆ ಅವುಗಳಲ್ಲಿ ಕನಿಷ್ಠ 2.3 ಜಿಪಿಎ. ಅದರಲ್ಲಿ 10 ವಿಷಯ ಕೊನೇ ವರ್ಷ ಶುರುವಾಗೋಕೆ ಮುಂಚೆ ಮುಗಿದಿರಬೇಕು. ಇಲ್ಲೇ ಸಣ್ಣ ಶಾಲೆ ಮಕ್ಕಳು ಎಡವೋದು. ನಮ್ಮಲ್ಲೇ ಒಬ್ಬ ಹುಡುಗ ತಗೊಂಡಿದ್ದ ಇಂಗ್ಲಿಷ್ ಕ್ಲಾಸು ಒಪ್ಪಿತ ಪಟ್ಟಿಯಲ್ಲಿ ಇರಲಿಲ್ಲ, ಕೊನೇ ವರ್ಷ ಜನವರಿಯಲ್ಲಿ ಗೊತ್ತಾಯ್ತು. ಶಾಲೆಯ ಕೌನ್ಸೆಲರ್ ಹತ್ತಿರ ಇದೇ ವಾರ ಕೂತು ಪಟ್ಟಿ ತಾಳೆ ನೋಡಿ. ಇನ್ನೊಂದು, ಡಿವಿಷನ್ ಒಂದರ ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿಸಿದ ಹುಡುಗನಿಗೆ ನೇರವಾಗಿ ಫೋನ್, ಮೆಸೇಜ್ ಮಾಡಬಹುದಾದ್ದು ಜೂನ್ 15ರಿಂದ. ಆ ದಿನ ಫೋನ್ ಬರಲಿಲ್ಲ ಅಂತ ಹುಡುಗ ಕುಗ್ಗಬಾರದು. ಹೆಚ್ಚಿನವರಿಗೆ ಬರಲ್ಲ.

ಕ್ಯಾಂಪಿಗೆ ಬನ್ನಿ ಅಂತ ಕಾಲೇಜಿಂದ ಬಣ್ಣದ ಕಾಗದ ಬಂದರೆ ಅದು ಆಫರ್ ಅಲ್ಲ. ಅದು ಕ್ಯಾಂಪಿನ ಜಾಹೀರಾತು. ನಿಮ್ಮ ಹೆಸರು ಯಾವುದೋ ಪಟ್ಟಿಯಲ್ಲಿತ್ತು, ಅಷ್ಟೇ.

ಹೊಸಪೇಟೆ_ಬಿಸಿಲು · ಜನವರಿ 9

ಒಂದು ವಿಷಯ ಯಾರೂ ಎತ್ತಲಿಲ್ಲ. ನಿಮ್ಮ ಮಗ ಎಚ್-4 (ಎಚ್-1ಬಿ ನೌಕರರ ಕುಟುಂಬದ ವೀಸಾ) ಮೇಲಿದ್ದಾನಾ, ಇಲ್ಲಿ ಹುಟ್ಟಿದವನಾ? ಸ್ಕಾಲರ್‌ಶಿಪ್ಪಿಗೆ ಪೌರತ್ವ ಅಡ್ಡಿ ಬರಲ್ಲ. ಜಾಹೀರಾತು ದುಡ್ಡು, ಕಾಲೇಜು ಕೊಡೋ ದುಡ್ಡು ಬೇರೆ ಮಾತು. ಪರ್ಡ್ಯೂನ ಝ್ಯಾಕ್ ಈಡಿ ದೇಶದ ಅತ್ಯುತ್ತಮ ಆಟಗಾರ ಅಂತ ಎರಡು ವರ್ಷ ಅನ್ನಿಸಿಕೊಂಡರೂ, ಕೆನಡಾದವನು, ವಿದ್ಯಾರ್ಥಿ ವೀಸಾ. ಪಕ್ಕದಲ್ಲಿ ಕೂತವರ ಹಾಗೆ ಇಲ್ಲಿ ಸಂಪಾದನೆ ಮಾಡೋಕೆ ಆಗಲಿಲ್ಲ. ವಕೀಲರನ್ನ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. 21 ತುಂಬಿದ ಮೇಲೆ ಎಚ್-4 ಇರಲ್ಲ ಅನ್ನೋದೂ ತಲೇಲಿರಲಿ.

ತಿಪಟೂರು_ತೆಂಗು · ಜನವರಿ 9

ಇಲ್ಲೇ ಹುಟ್ಟಿದವನು. ಆ ಒಂದು ತಲೆನೋವು ಇಲ್ಲ.

ಮಲ್ಲೇಶ್ವರಂ_ಪಾಯಿಂಟ್‌ಗಾರ್ಡ್ · ಜನವರಿ 10

ಬೆಂಗಳೂರಿಂದ ಬರೀತಿದ್ದೀನಿ, ಒಂದು ಕಾಲದಲ್ಲಿ ರಾಜ್ಯ ಜೂನಿಯರ್ ತಂಡಕ್ಕೆ ಆಡಿದವನು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಡಿವಿಷನ್ ಒಂದರ ಸ್ಕಾಲರ್‌ಶಿಪ್ ಮೇಲೆ ಹೋದರು. ಇಲ್ಲಿ ನಮ್ಮೆಲ್ಲರಿಗೂ ಹಬ್ಬ. ಅದಕ್ಕೂ ಮುಂಚೆ ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋಗಿ, 2015ರ ಡ್ರಾಫ್ಟಲ್ಲಿ 52ನೆಯವನಾಗಿ ಬಂದ. ಕಾಲೇಜಲ್ಲಿ ಆಡೋ ಯೋಗ ಅವನಿಗೆ ಕೂಡಿ ಬರಲಿಲ್ಲ. ಏಳಡಿ ಇದ್ದರೂ ಓದಿನ ಲೆಕ್ಕ ಕೂಡಬೇಕಲ್ಲ, ಅಂಕಪಟ್ಟಿಯವರು ಹೇಳಿದ್ದು ಅದನ್ನೇ.

ನಮ್ಮಲ್ಲಿ ಹಳ್ಳಿ ಹುಡುಗರನ್ನ ಆಟಕ್ಕೆ ಅಂತ ಹುಡುಕಿ ತಂದು ಓದಿಸೋದನ್ನ ಮೂಡಬಿದಿರೆ ಆಳ್ವಾಸ್‌ನಲ್ಲಿ ನೋಡಿದ್ದೀನಿ. ಬ್ಯಾಸ್ಕೆಟ್‌ಬಾಲ್ ಮಾತ್ರ ಇವತ್ತಿಗೂ ಪೇಟೆ ಮಕ್ಕಳ ಆಟವೇ. ಆರು ಸಾವಿರ ಜನರ ಊರಲ್ಲಿ ಅರ್ಧ ಊರು ಕೂರೋ ಒಳಾಂಗಣ ಅಂತ ಓದಿದಾಗ, ನಿಜ ಹೇಳ್ತೀನಿ, ಹೊಟ್ಟೆಕಿಚ್ಚಾಯ್ತು.

ಧಾರವಾಡ_ಪೇಢಾ · ಜನವರಿ 10

ಅಂಕಪಟ್ಟಿಯವ್ರ, ಹುಡುಗಂದು ವಿಡಿಯೊ ಮಾಡೂದು ಹೆಂಗ ಅಂತ ಅದೊಂದು ಹೇಳಿಬಿಡ್ರಿ. ಆ 2,800 ಅಲ್ಲಿಗೆ ಉಳೀತು.

ಅಂಕಪಟ್ಟಿ · ಜನವರಿ 10

ಹೇಳ್ತೀನಿ. ಮೂರು ನಿಮಿಷಕ್ಕಿಂತ ಮೇಲೆ ಬೇಡ. ಹಾಡು ಹಾಕಬೇಡಿ, ಕೋಚ್ ಧ್ವನಿ ಬಂದ್ ಮಾಡಿಯೇ ನೋಡೋದು. ಮೊದಲ ಇಪ್ಪತ್ತು ಸೆಕೆಂಡಲ್ಲಿ ಅವನ ಅತ್ಯುತ್ತಮ ಆಟ ಇರಲಿ, ಜೆರ್ಸಿ ನಂಬರಿಗೆ ಬಾಣದ ಗುರುತು ಹಾಕಿ. ಬರೀ ಬುಟ್ಟಿಗೆ ಹಾಕಿದ್ದು ತೋರಿಸಬೇಡಿ. ಸಣ್ಣ ಊರಿನ ಲೀಗಲ್ಲಿ ಆರಡಿ ಮೂರಿಂಚಿನವನು ಐದಡಿ ಹತ್ತರವನ ತಲೆ ಮೇಲಿಂದ ಹಾಕಿದರೆ ಯಾರಿಗೂ ಏನೂ ತಿಳಿಯಲ್ಲ. ಅವರು ಬೇರೇನೋ ನೋಡ್ತಿರ್ತಾರೆ. ಪಾಸ್ ಕಳಕೊಂಡ ಮೇಲೆ ಓಡಿ ವಾಪಸ್ ಬರ್ತಾನಾ, ಚೆಂಡಿಲ್ಲದಾಗ ನಿಂತೇ ಇರ್ತಾನಾ, ಎಡಗೈ ಇದೆಯಾ. ಆ ಎತ್ತರಕ್ಕೆ ಕಾಲೇಜಲ್ಲಿ ಅವನು ಗಾರ್ಡ್ ಆಡಬೇಕಾಗುತ್ತೆ, ಈಗ ಶಾಲೆಯಲ್ಲಿ ಬುಟ್ಟಿ ಕೆಳಗೆ ನಿಲ್ಲಿಸಿರ್ತಾರೆ. ಇದು ಪ್ರತೀ ಸಣ್ಣ ಶಾಲೆಯ ಕಥೆ, ಎಲ್ಲರಿಗಿಂತ ಉದ್ದ ಇದ್ದಾನೆ ಅಂತ ಸೆಂಟರ್ ಮಾಡಿಬಿಡ್ತಾರೆ. ಕೆಳಗೊಂದು ಪೂರ್ತಿ ಮ್ಯಾಚಿನ ಲಿಂಕ್ ಕೊಡಿ, ಸೋತ ಮ್ಯಾಚಾದರೂ ಪರವಾಗಿಲ್ಲ. ನನ್ನ ಅನುಭವದಲ್ಲಿ ಆಸಕ್ತಿ ಇರೋ ಕೋಚ್ ಅದನ್ನೇ ತೆಗೆದು ನೋಡೋದು.

ಕಡಲತಡಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇಮೇಲ್ ಹುಡುಗನೇ ಬರೀಬೇಕು. ಅಪ್ಪ ಬರೆದದ್ದು ಮೊದಲ ಸಾಲಲ್ಲೇ ಗೊತ್ತಾಗುತ್ತೆ.

ತಿಪಟೂರು_ತೆಂಗು · ಫೆಬ್ರವರಿ 12

ಒಂದು ತಿಂಗಳಾಯ್ತು, ಲೆಕ್ಕ ಒಪ್ಪಿಸ್ತೀನಿ.

ಕಂಪನಿಗೆ ದುಡ್ಡು ಕೊಡಲಿಲ್ಲ. ಕೌನ್ಸೆಲರ್ ಹತ್ತಿರ ಕೂತೆವು, ಮಗ ಮುಂದಿನ ವರ್ಷಕ್ಕೆ ಆರಿಸಿಕೊಂಡಿದ್ದ ಒಂದು ವಿಜ್ಞಾನದ ಕ್ಲಾಸು ಪಟ್ಟಿಯಲ್ಲಿ ಇರಲಿಲ್ಲ, ಬದಲಾಯಿಸಿದೆವು. ಎಎಯುಗೆ ಇಂಡಿಯಾನಾಪೊಲಿಸ್ ಬೇಡ ಅಂತ, ಇವಾನ್ಸ್‌ವಿಲ್ ಕಡೆ ಒಂದು ಸಣ್ಣ ತಂಡ ಸಿಕ್ಕಿತು. ಜೂನ್‌ನಲ್ಲಿ ಶಾಲೆ ತಂಡ ಹೋಗೋದು ಖಾತ್ರಿ. ವಿನ್ಸೆನ್ಸ್‌ಗೆ ಹೋಗಿ ಮ್ಯಾಚ್ ನೋಡಿ ಬಂದೆವು. ಬರುವಾಗ ಕಾರಲ್ಲಿ ಅರ್ಧ ದಾರಿ ಮಾತಾಡಲಿಲ್ಲ ಹುಡುಗ. ಆಮೇಲೆ "ಅವರು ನನಗಿಂತ ಬಹಳ ಸ್ಪೀಡ್ ಇದ್ದಾರೆ ಅಪ್ಪ" ಅಂದ. ಆ ಜೆರ್ಸಿ ಈಗ ಬೀರುವಿನಲ್ಲಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಜಿಮ್ಮಿಗೆ ಹೋಗ್ತಿದ್ದಾನೆ, ಎಡಗೈ ಅಭ್ಯಾಸಕ್ಕೆ.

ಹದಿನಾಲ್ಕು ಇಮೇಲ್ ಬರೆದ. ಮೂರು ಉತ್ತರ. ಅದರಲ್ಲಿ ಒಬ್ಬರು, ಎನ್‌ಎಐಎ ಕಾಲೇಜಿನ ಸಹಾಯಕ ಕೋಚ್, ಹೋದ ಮಂಗಳವಾರ ನಮ್ಮೂರಿಗೇ ಬಂದರು! ಚಿಕ್ಕ ವಯಸ್ಸಿನವರು, ಹಳೇ ಕಾರು. ಮೇಲಿನ ಮೆಟ್ಟಿಲಲ್ಲಿ ಒಬ್ಬರೇ ಕೂತಿದ್ದರು. ಮಗ ಅವತ್ತು ಕೆಟ್ಟದಾಗಿ ಆಡಿದ, 9 ಪಾಯಿಂಟ್, ಎರಡು ಫ್ರೀ ಥ್ರೋ ಬಿಟ್ಟ. ಮುಗಿದ ಮೇಲೆ ಅವರು ನಮ್ಮ ಹತ್ತಿರ ಬಂದು ಐದು ನಿಮಿಷ ನಿಂತರು. ಆಟದ ಬಗ್ಗೆ ಒಂದು ಮಾತಿಲ್ಲ. ಗಣಿತದಲ್ಲಿ ಹೇಗೆ ಅಂದರು. ಬದಲಿ ಆಟಗಾರನಾಗಿ ಬೆಂಚಿಗೆ ಹೋದಾಗ ಪಕ್ಕದ ಹುಡುಗನಿಗೆ ನೀರಿನ ಬಾಟಲ್ ಕೊಟ್ಟನಲ್ಲ, ಯಾವಾಗಲೂ ಹಾಗೇನಾ ಅಂದರು. ನಾನದನ್ನ ಗಮನಿಸೇ ಇರಲಿಲ್ಲ. ಕೊನೆಗೆ ನಿಮ್ಮ ಎತ್ತರ ಎಷ್ಟು ಅಂತ ನನ್ನನ್ನೇ ಕೇಳಿದರು. ಐದಡಿ ಐದಿಂಚು ಅಂದೆ. ಬರ್ಕೊಂಡರು.

ಹಳೇ_ಗಿರಾಕಿ · ಫೆಬ್ರವರಿ 12

ಕಾರು ಹತ್ತಿಕೊಂಡು ಬಂದರು ಅಲ್ಲವೇ? ನಾನು ಹೇಳಿದ್ದೂ ಅಷ್ಟೇ.

ಧಾರವಾಡ_ಪೇಢಾ · ಫೆಬ್ರವರಿ 12

ತಾಯಿ ಎತ್ತರ ಕೇಳಲಿಲ್ಲೇನ್ರಿ?

ತಿಪಟೂರು_ತೆಂಗು · ಫೆಬ್ರವರಿ 13

ಕೇಳಿದರು. ಅವಳು ಅದಕ್ಕೆ ಉತ್ತರ ಕೊಡಲಿಲ್ಲ, ನಿಮ್ಮ ಕಾಲೇಜಲ್ಲಿ ಮೆಕ್ಯಾನಿಕಲ್ ಇದೆಯಾ ಅಂತ ವಾಪಸ್ ಕೇಳಿದಳು.